ಬಿಸಿಲೂರಿನ ಡ್ರೈಯರ್

ಕೊಪ್ಪಳದಲ್ಲಿ ಬಟ್ಟೆ ಒಣಗಿಸಲು ಯಂತ್ರ ಇಟ್ಟುಕೊಂಡಿದ್ದೇನೆ ಎಂದರೆ ಯಾರಿಗಾದರೂ ನಗು ಬರುತ್ತದೆ. ಇಲ್ಲಿ ಬೇಸಿಗೆಯಲ್ಲಿ ಒದ್ದೆ ಸೀರೆಯನ್ನು ಹಗ್ಗದ ಮೇಲೆ ಹರವುತ್ತ ಕೊನೆಯ ತುದಿಗೆ ಬರುವಷ್ಟರಲ್ಲಿ ಮೊದಲ ತುದಿ ಒಣಗಿರುತ್ತದೆ. "ಸೂರ್ಯಪ್ಪ ಪುಕ್ಕಟ ಒಣಗಸ್ತಾನ, ನೀ ಯಾಕವಾ ಕರೆಂಟ್ ಸುಡ್ತೀ?" ಎಂದು ನನ್ನ ಲಾಂಡ್ರಿಗೆ ಬಂದವರೆಲ್ಲ ಒಮ್ಮೆಯಾದರೂ ಕೇಳಿದ್ದಾರೆ. ನಾನೂ ಅವರೊಂದಿಗೆ ನಕ್ಕಿದ್ದೇನೆ. ಆದರೆ ಯಂತ್ರಗಳನ್ನು ಯಾರಿಗೂ ಮಾರಿರಲಿಲ್ಲ.

ಹಿಟ್ನಾಳದ ಹತ್ತಿರ, ಹೆದ್ದಾರಿಯ ಬದಿಗೆ, ಒಂದು ಕಾರ್ಖಾನೆಯ ಅತಿಥಿಗೃಹವಿತ್ತು. ಪರದೇಶದ ಎಂಜಿನಿಯರುಗಳು ಬಂದು ಇಳಿಯುತ್ತಿದ್ದ ಕಾಲದಲ್ಲಿ ಅವರಿಗಾಗಿ ತರಿಸಿದ ಎರಡು ವಾಷಿಂಗ್ ಮೆಷಿನ್ನುಗಳು, ಎರಡು ಡ್ರೈಯರುಗಳು ಅಲ್ಲಿದ್ದವು. ಹಾಸಿಗೆ ಬಟ್ಟೆ ನೋಡಿಕೊಳ್ಳುವ ಕೆಲಸ ನನ್ನದು. ಅತಿಥಿಗೃಹ ಮುಚ್ಚಿದಾಗ ಅವು ಗುಜರಿ ಲಾರಿ ಏರುವ ಮೊದಲೇ ನಾಲ್ಕನ್ನೂ ಕೊಂಡು ತಂದೆ. ನನ್ನ ಗಂಡನದು ಮೋಟಾರ್ ವೈಂಡಿಂಗ್ ಅಂಗಡಿ. ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಟ್ಟುಕೊಂಡು, ಊರಿನ ಲಾಜುಗಳ ಚಾದರು, ದಿಂಬಿನ ಚೀಲ ಒಗೆದುಕೊಡುತ್ತ ಬಂದೆ.

ಈಗಿನ ಮೆಷಿನ್ನುಗಳ ಹಾಗೆ ಇವುಗಳ ಹೊಟ್ಟೆಯಲ್ಲಿ ಎಲೆಕ್ಟ್ರಾನಿಕ್ ಬೋರ್ಡು ಇಲ್ಲ. ಗುಂಡಿ ತಿರುಗಿಸಿದರೆ ಒಳಗೆ ಹಲ್ಲಿನ ಚಕ್ರಗಳು ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತ ಸರಿಯುತ್ತವೆ. ಸಪ್ಪಳ ಎಲ್ಲಿ ಬದಲಾಯಿತೋ ಅಲ್ಲಿ ಕೈಯಿಡಬೇಕು. ಡ್ರೈಯರಂತೂ ಇನ್ನೂ ಸರಳ. ಒಂದು ಉಕ್ಕಿನ ಡ್ರಮ್ಮು, ಅದರ ಸುತ್ತ ತೆಳ್ಳನೆಯ ಉದ್ದ ಬೆಲ್ಟು, ಗಾಳಿ ಬಿಸಿ ಮಾಡುವ ಕಾಯಿಲ್ಲು, ಬಿಸಿ ಹೆಚ್ಚಾದರೆ ಖಟ್ ಎಂದು ಕರೆಂಟು ಕತ್ತರಿಸುವ ಥರ್ಮೋಸ್ಟಾಟು, ಬಟ್ಟೆಯಿಂದ ಉದುರುವ ನವಿರನ್ನು ಹಿಡಿಯುವ ಒಂದು ಜಾಲರಿ. ಡ್ರಮ್ಮು ತನ್ನ ಬಾಯಿಯನ್ನು ಒರಗಿಸಿ ತಿರುಗುವ ಜಾಗದಲ್ಲಿ ಒಂದು ಉಣ್ಣೆಯ ಪಟ್ಟಿ ಅಂಟಿಸಿರುತ್ತಾರೆ. ಅದಕ್ಕೆ ಫೆಲ್ಟ್ ಎನ್ನುತ್ತಾರೆ. ಅದು ಸವೆದರೆ ಲೋಹಕ್ಕೆ ಲೋಹ ಉಜ್ಜುತ್ತದೆ.

ಎರಡು ಡ್ರೈಯರುಗಳಲ್ಲಿ ಸಣ್ಣದು ಕೆಲಸಕ್ಕಿತ್ತು. ಬಣ್ಣ ಹಾರಿತ್ತು, ಗಾಜಿನ ಬಾಗಿಲಿಗೆ ಒಂದು ಸೀಳು ಬಿದ್ದಿತ್ತು. ದೊಡ್ಡದು ಬಿಳಿಯದು. ಅದೇ ಕಂಪನಿಯದು, ಆದರೆ ಮೈಮೇಲೆ ಒಂದು ಗೀರೂ ಇರಲಿಲ್ಲ. ಅದರ ಮೋಟಾರನ್ನು ಮಾತ್ರ ನಾನು ತರುವ ಮೊದಲೇ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಎರಡೂ ತುದಿಗೆ ದಂಡವಿರುವ ವಿಚಿತ್ರ ಮೋಟಾರದು. ಒಂದು ತುದಿ ಡ್ರಮ್ಮಿಗೆ, ಇನ್ನೊಂದು ಫ್ಯಾನಿಗೆ. ಸಣ್ಣದರ ಮೋಟಾರು ಅದಕ್ಕೆ ಕೂರುತ್ತಿರಲಿಲ್ಲ. ಎಂದಾದರೂ ಎಲ್ಲಾದರೂ ಸಿಕ್ಕೀತೆಂದು ಕಾಯುತ್ತಿದ್ದೆ. ಹಳೆಯ ದುಪ್ಪಟ ಹೊದಿಸಿಟ್ಟು, ಆಗಾಗ ತೆಗೆದು ಮೇಣ ತಿಕ್ಕಿ ಒರೆಸುತ್ತಿದ್ದೆ. ಬೆಲ್ಟು ಒಂದೇ ಕಡೆ ಮಡಿಕೆ ಬೀಳಬಾರದೆಂದು ಡ್ರಮ್ಮನ್ನು ಕೈಯಿಂದ ತಿರುಗಿಸಿಡುತ್ತಿದ್ದೆ. "ಓಡಲಾರದ ಕುದರಿಗೆ ಎಷ್ಟು ಮಾಲಿಸ್ ಮಾಡ್ತೀ" ಎಂದು ನನ್ನ ಗಂಡ ರೇಗಿಸುತ್ತಿದ್ದ. ನನಗೆ ಅದು ಇಡಿಯಾಗಿ ಇರುವುದೇ ಸಾಕಿತ್ತು.

ಹೀಗಿರುವಾಗ ಬೇಸಿಗೆಯ ಒಂದು ಮಧ್ಯಾಹ್ನ ಒಬ್ಬ ತಾಯಿ ಬಂದಳು. ಮೂವತ್ತು ದಾಟಿರಲಿಕ್ಕಿಲ್ಲ. ಕಂಕುಳಲ್ಲಿ ಬಟ್ಟೆಯ ಗಂಟು.

"ಅರಿವಿ ಒಣಗಸೋ ಮಿಷಿನ್ ನಿಮ್ಮ ಕಡೆ ಐತೇನ್ರಿ?"

"ಐತಿ. ಯಾಕ, ನಿಮ್ಮೂರಾಗ ಬಿಸಲ ಬೀಳಂಗಿಲ್ಲೇನು?" ಎಂದು ನಾನೂ ಚೇಷ್ಟೆ ಮಾಡಿದೆ.

ಅವಳು ನಗಲಿಲ್ಲ. ಗಂಟಿನಿಂದ ಒಂದು ತುಂಡು ಬಟ್ಟೆ ತೆಗೆದು ನನ್ನ ಕೈಗೆ ಕೊಟ್ಟಳು. "ಇದನ್ನ ನಿಮ್ಮ ಗಲ್ಲಕ್ಕ ಹಚ್ಚಿ ನೋಡ್ರಿ" ಎಂದಳು.

ಹಳೆಯ ಧೋತರದ ತುಂಡು ಅದು. ಎಷ್ಟು ಸಲ ಒಗೆದಿದ್ದರೋ, ನೂಲು ತೆಳ್ಳಗಾಗಿತ್ತು. ಆದರೂ ಹಪ್ಪಳದ ಹಾಗೆ ಸೆಟೆದಿತ್ತು. ಮಡಿಸಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಅವಳದು ತಳಕಲ್. ಆ ಕಡೆಯ ಬೋರಿನ ನೀರು ಸವಳು. ಒಗೆದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ನೀರು ಹಾರಿ ಉಪ್ಪು ನೂಲಿನಲ್ಲೇ ಉಳಿಯುತ್ತದೆ. ನಮ್ಮಂಥವರು ಅದನ್ನೇ ಉಟ್ಟು ಓಡಾಡುತ್ತೇವೆ, ಗೊತ್ತೂ ಆಗುವುದಿಲ್ಲ.

"ನನ್ನ ಮಗಳ ಮೈಗೆ ಇದು ತಾಗಿದ್ರ ಚರ್ಮ ಸುಲದು ಬರತೈತ್ರಿ" ಎಂದಳು.

ಆ ಹುಡುಗಿಗೆ ಹುಟ್ಟಿದಾಗಿನಿಂದಲೂ ಚರ್ಮದ ರೋಗ. ಮೇಲಿನ ಚರ್ಮವನ್ನು ಕೆಳಗಿನದಕ್ಕೆ ಹಿಡಿದಿಡುವ ಅಂಟೇ ಅವಳ ಮೈಯಲ್ಲಿ ಇಲ್ಲವೆಂದು ಕೊಪ್ಪಳದ ಆಸ್ಪತ್ರೆಯ ಡಾಕ್ಟರು ತಿಳಿಸಿ ಹೇಳಿದ್ದರಂತೆ. ಎತ್ತಿಕೊಂಡರೆ ಗುಳ್ಳೆ, ಮಗ್ಗುಲು ಬದಲಿಸಿದರೆ ಗುಳ್ಳೆ. ಗುಳ್ಳೆ ಒಡೆದರೆ ಸುಟ್ಟ ಗಾಯದ ಹಾಗೆ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ, ವಾಸಿಯಾಗುವ ರೋಗವೂ ಅಲ್ಲ. ಗಾಯಕ್ಕೆ ಔಷಧಿಯ ಜಾಲರಿ ಬಟ್ಟೆ ಹಚ್ಚಬೇಕು. ಅದರ ಮೇಲೆ ಸುತ್ತುವ, ಹಾಸುವ, ಹೊದಿಸುವ ಬಟ್ಟೆಯೆಲ್ಲ ಮೆತ್ತಗಿರಬೇಕು. ಅತಿ ಮೆತ್ತಗೆ. ದೊಡ್ಡ ಊರುಗಳಲ್ಲಿ ಡ್ರಮ್ಮಿನೊಳಗೆ ತಿರುಗಿಸಿ ಒಣಗಿಸುತ್ತಾರೆ, ನೂಲು ಸೆಟೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡ ವಾರ್ಡಿನ ನರ್ಸು, ಅಂಥದ್ದು ಇದೇ ಊರಲ್ಲಿದೆಯೆಂದು ನನ್ನ ಅಂಗಡಿ ತೋರಿಸಿ ಕಳಿಸಿದ್ದಳು.

ನಾನು ಲಾಜಿನ ಚಾದರುಗಳನ್ನು ಹೊರಗೆ ತೆಗೆದು ಡ್ರಮ್ಮು ಒರೆಸಿದೆ. ಅವಳ ಬಟ್ಟೆಯನ್ನು ನಮ್ಮ ನಳದ ನೀರಿನಲ್ಲಿ ಮತ್ತೆ ಒಗೆದೆ. ಕೊಪ್ಪಳದ ನಳಕ್ಕೆ ಬರುವುದು ಹೊಳೆಯ ನೀರು, ಅದರಲ್ಲಿ ಉಪ್ಪಿಲ್ಲ. ಸೋಪಿನ ವಾಸನೆ ಹೋಗುವವರೆಗೂ ಜಾಲಿಸಿದೆ. ಆಮೇಲೆ ಸಣ್ಣ ಡ್ರೈಯರಿಗೆ ಹಾಕಿ ಕಡಿಮೆ ಬಿಸಿಗೆ ತಿರುವಿದೆ. ತಾಯಿ ಸ್ಟೂಲಿನ ಮೇಲೆ ಕೂತು ಗಾಜಿನಾಚೆ ತಿರುಗುವ ಬಟ್ಟೆಯನ್ನೇ ನೋಡುತ್ತಿದ್ದಳು. ತೆಗೆದುಕೊಟ್ಟಾಗ ಅದನ್ನು ಗಲ್ಲಕ್ಕೆ ಹಚ್ಚಿಕೊಂಡಳು. ಆಮೇಲೆ ಮುಖವನ್ನೆಲ್ಲ ಅದರೊಳಗೆ ಹುದುಗಿಸಿ ಸುಮ್ಮನೆ ನಿಂತುಬಿಟ್ಟಳು. ಅಳುತ್ತಿದ್ದಳೋ, ಸುಸ್ತಾಗಿ ನಿಂತಿದ್ದಳೋ ತಿಳಿಯಲಿಲ್ಲ. ನಾನು ಬೇರೆ ಕೆಲಸ ಇರುವವಳಂತೆ ಹೊರಗೆ ಹೋದೆ.

ಎರಡನೆಯ ಸಲ ಬಂದಾಗ ಬಾಗಿಲಲ್ಲೇ ಹೇಳಿದಳು. "ನಡುವ ಎಚ್ಚರಾಗಲಾರದ ಮಲಗಿದ್ಲ್ರಿ. ಏಳು ವರ್ಷದಾಗ ಹಿಂಗ ಮಲಗಿದ್ದು ನಾ ನೋಡಿದ್ದಿಲ್ಲ."

ಅಲ್ಲಿಂದ ನಮ್ಮಿಬ್ಬರ ಕೆಲಸ ಒಂದು ದಾರಿಗೆ ಬಿತ್ತು. ಅವಳ ಗಂಡ ಕೆಲವು ದಿನ ಕುರಿ ಕಾಯಲು ಹೋಗುತ್ತಿದ್ದ, ಉಳಿದ ದಿನ ಕೂಲಿಗೆ. ಮಗಳನ್ನು ಬಿಟ್ಟು ದಿನಾ ಬರಲು ತಾಯಿಗೆ ಆಗುತ್ತಿರಲಿಲ್ಲ. ಹೀಗಾಗಿ ಗಂಟನ್ನು ಬಸ್ಸಿಗೆ ಹಾಕುತ್ತಿದ್ದಳು. ಆ ಬಸ್ಸಿನ ಕಂಡಕ್ಟರು ಅದನ್ನು ತನ್ನ ಸೀಟಿನ ಕೆಳಗಲ್ಲ, ತೊಡೆಯ ಮೇಲೆ ಇಟ್ಟುಕೊಂಡು ತರುತ್ತಿದ್ದ. ನಾನು ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳುತ್ತಿದ್ದೆ. ಮೊದಲು ತಣ್ಣೀರಿನಲ್ಲಿ ನೆನೆಸಿ ರಕ್ತ, ಕೀವು, ಮುಲಾಮಿನ ಜಿಡ್ಡು ಬಿಡಿಸಬೇಕು. ನಂತರ ಕುದಿನೀರು. ಎರಡು ವಾಷಿಂಗ್ ಮೆಷಿನ್ನುಗಳಲ್ಲಿ ಒಂದನ್ನು ಅದೊಂದಕ್ಕೇ ಮೀಸಲಿಟ್ಟೆ. ಲಾಜಿನ ಬಟ್ಟೆ ಇನ್ನೊಂದಕ್ಕೆ. ವಾಸನೆಯ ದ್ರಾವಣ ಯಾವುದೂ ಬೇಡವೆಂದು ಡಾಕ್ಟರು ಹೇಳಿದ್ದರು. ಹಾಕಲಿಲ್ಲ. ಪ್ರತಿ ಸಲ ಜಾಲರಿ ಬಿಚ್ಚಿ ನವಿರು ತೆಗೆಯುತ್ತಿದ್ದೆ.

ಹುಡುಗಿಯ ಅಭಿಪ್ರಾಯ ಮರುದಿನವೇ ಫೋನಿನಲ್ಲಿ ಬರುತ್ತಿತ್ತು. ಮೆತ್ತಗಿದ್ದರೆ "ಬೆಕ್ಕು", ಒರಟಾಗಿದ್ದರೆ "ಕತ್ತಿ". "ಇವತ್ತಿನ್ವು ಎಲ್ಲಾ ಬೆಕ್ಕು ಅದಾವಂತ್ರಿ, ಹಸರ ಅಂಚಿಂದು ಒಂದs ಕತ್ತಿ ಐತಂತ" ಎಂದು ತಾಯಿ ನಗುತ್ತ ಹೇಳುತ್ತಿದ್ದಳು. ಹಸಿರು ಅಂಚಿನದನ್ನು ನೋಡಿದರೆ ನಿಜವಾಗಿಯೂ ಅದರ ಒಂದು ಮೂಲೆಯಲ್ಲಿ ಜರಿಯ ಎಳೆ ಉಳಿದಿತ್ತು. ಕೂತು ಅದನ್ನು ಬಿಡಿಸಿ ತೆಗೆದೆ.

ಒಮ್ಮೆ ಆಸ್ಪತ್ರೆಗೆ ಕರೆತಂದಾಗ ಹುಡುಗಿಯನ್ನು ನನ್ನ ಶೆಡ್ಡಿಗೂ ಕರೆದುಕೊಂಡು ಬಂದರು. ನಾಲ್ಕು ವರ್ಷದವಳಷ್ಟು ಸಣ್ಣ ದೇಹ. ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಮುಷ್ಟಿಯಾಗಿದ್ದವು. ಕಣ್ಣುಗಳು ಮಾತ್ರ ಎಲ್ಲೆಡೆ ಓಡಾಡುತ್ತಿದ್ದವು. ಅವಳನ್ನು ಎಲ್ಲಿ ಹಿಡಿಯಬೇಕೆಂದು ನನಗೆ ತಿಳಿಯಲಿಲ್ಲ. ತಾಯಿ ಕಂಕುಳಿಗೆ ಕೈಹಾಕದೆ, ಕೆಳಗಿನಿಂದ ಇಡೀ ಅಂಗೈ ಹಾಸಿ, ಹಿಟ್ಟಿನ ಮುದ್ದೆ ಎತ್ತುವ ಹಾಗೆ ಎತ್ತಿ ಡ್ರೈಯರಿನ ಮುಂದೆ ಕೂರಿಸಿದಳು.

"ನೀನs ಏನು ಮಿಷಿನ್ ಆಯಿ?" ಎಂದು ಕೇಳಿದಳು ಹುಡುಗಿ.

"ಹೂಂ, ನಾನs."

"ಒಳಗ ಹೋದ್ರ ಅರಿವಿಗೆ ತಲಿ ತಿರಗಂಗಿಲ್ಲೇನು?"

"ತಿರಗತೈತಿ. ಅದಕ್ಕs ಮೆತ್ತಗಾಗಿ ಬಿದ್ದಿರತಾವ."

ಅವಳು ನಕ್ಕಳು. ಬಾಯಿಯ ಒಳಗೂ ಹುಣ್ಣಿರುವುದರಿಂದ ಅಗಲವಾಗಿ ನಗಲು ಬರುತ್ತಿರಲಿಲ್ಲ, ತುಟಿ ಮುಚ್ಚಿಕೊಂಡೇ ಭುಜ ಕುಣಿಸುತ್ತ ನಕ್ಕಳು. ಆಮೇಲೆ ಡ್ರಮ್ಮು ನಿಲ್ಲುವವರೆಗೂ ಗಾಜಿನಿಂದ ಕಣ್ಣು ಕೀಳಲಿಲ್ಲ.

ಮಳೆಗಾಲದ ಹೊಸ್ತಿಲಲ್ಲಿ ತೊಂದರೆ ಶುರುವಾಯಿತು. ಡಾಕ್ಟರು ನನ್ನನ್ನು ಕರೆಸಿದರು. ಚಿಮಟಿಗೆಯ ತುದಿಯಲ್ಲಿ ಒಂದು ಬೂದು ಬಣ್ಣದ ಎಳೆ ಹಿಡಿದು ತೋರಿಸಿದರು. "ಇದು ಬೆನ್ನಿನ ಗಾಯದಾಗ ಸಿಕ್ತು. ಇಂಥವು ಇನ್ನೂ ಅದಾವ. ನೂಲಲ್ಲ, ಉಣ್ಣಿ ಇದ್ದಂಗ ಐತಿ. ಎಲ್ಲಿಂದ ಬರಾಕತ್ತೈತಿ, ನೋಡ್ತೀರೇನು?" ಸಿಟ್ಟು ಮಾಡಲಿಲ್ಲ. ಆದರೆ ಆ ಎಳೆ ಗಾಯದಲ್ಲಿ ಅಂಟಿ ಒಣಗಿ, ತೆಗೆಯುವಾಗ ಏನಾಗಿರಬಹುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಶೆಡ್ಡಿಗೆ ಬಂದು ನಾನೂ ನನ್ನ ಗಂಡನೂ ಡ್ರೈಯರಿನ ಮುಂಭಾಗ ಬಿಚ್ಚಿದೆವು. ಫೆಲ್ಟ್ ಪಟ್ಟಿ ಸವೆದು ಪುಡಿಯಾಗುತ್ತಿತ್ತು. ಬೆರಳಿಟ್ಟರೆ ಎಳೆಗಳು ಕೈಗೆ ಬರುತ್ತಿದ್ದವು. ಡ್ರಮ್ಮು ತಿರುಗಿದಂತೆಲ್ಲ ಅವು ಒಳಗೆ ಹೋಗಿ ಬಟ್ಟೆಗೆ ಅಂಟುತ್ತಿದ್ದವು. ಲಾಜಿನ ಚಾದರಿನಲ್ಲಿ ಯಾರಿಗೆ ಕಾಣಬೇಕು ಅದು? ಆ ಗಳಿಗೆಯಲ್ಲೇ ಯಂತ್ರ ನಿಲ್ಲಿಸಿದೆ.

ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕೈಯಿಂದ ಉಜ್ಜಿ ಉಜ್ಜಿ ಮೆದುಮಾಡಿ ಕಳಿಸಿದೆ. "ಕತ್ತಿ" ಎಂದು ಬಂತು. ಮತ್ತೆ ಕಳಿಸಿದೆ. ಮತ್ತೆ "ಕತ್ತಿ".

ನನ್ನ ಗಂಡ ಕುಷ್ಟಗಿ ಕಡೆಯ ಕಂಬಳಿ ನೇಯುವವರಿಂದ ಬಿಗಿಯಾಗಿ ಹದಗೊಳಿಸಿದ ಕಂಬಳಿಯ ಒಂದು ತುಂಡು ತಂದ. ಕತ್ತರಿಸಿ ಅಂಟಿಸಿದೆವು. ಬಿಳಿಯ ಮಸ್ಲಿನ್ ಹಾಕಿ ತಿರುಗಿಸಿ ನೋಡಿದರೆ ಅದರ ತುಂಬ ಗಿಡ್ಡ ಕೂದಲು. ನಮ್ಮ ಕುರಿಯ ಉಣ್ಣೆ ಒರಟು, ಮಳೆಗೆ ಹೊದೆಯಲು ಸರಿ. ಕಿತ್ತು ಹಾಕಿದೆವು. ಅವನು ಹುಬ್ಬಳ್ಳಿಗೆ ಹೋಗಿ ಕಾರ್ಖಾನೆಗೆ ಬಳಸುವ ಫೆಲ್ಟ್ ತಂದ. ಎಳೆ ಬಿಡಲಿಲ್ಲ, ಆದರೆ ದಪ್ಪ. ಅದನ್ನು ಕೆರೆದು ತೆಳುಮಾಡಿ ಕೂರಿಸಿದೆವು. ಮೊದಲು ಸರಿ ಓಡಿತು. ನಾನು ಆಚೆ ಬಟ್ಟೆ ಹಿಂಡುತ್ತಿದ್ದೆ. ಸಪ್ಪಳ ಭಾರವಾಗಿದ್ದು ಕೇಳಿತು. ಬರುವಷ್ಟರಲ್ಲಿ ಡ್ರಮ್ಮು ಸಿಕ್ಕಿಕೊಂಡು ಬೆಲ್ಟು ಜಾರುತ್ತಿತ್ತು, ರಬ್ಬರು ಸುಟ್ಟ ವಾಸನೆ. ಬಿಸಿ ಮಾತ್ರ ನಿಂತಿರಲಿಲ್ಲ. ಥರ್ಮೋಸ್ಟಾಟಿನೊಳಗಿನ ಎರಡು ತಾಮ್ರದ ಬಿಲ್ಲೆಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಒಳಗಿದ್ದ ಬಟ್ಟೆ ಕಂದುಬಣ್ಣಕ್ಕೆ ತಿರುಗಿತ್ತು, ಮಡಿಸಿದರೆ ಮುರಿಯುವಂತಿತ್ತು.

ಈಗ ಫೆಲ್ಟೂ ಬೇಕು, ಥರ್ಮೋಸ್ಟಾಟೂ ಬೇಕು. ಆ ಅಳತೆಯ ಥರ್ಮೋಸ್ಟಾಟು ಈಗ ಯಾರೂ ಮಾಡುವುದಿಲ್ಲ. ಫ್ರಿಜ್ಜಿನದು, ಇಸ್ತ್ರಿಯದು ಜೋಡಿಸಿ ನೋಡಿದೆವು. ಒಂದು ಬೇಗ ಕತ್ತರಿಸುತ್ತದೆ, ಇನ್ನೊಂದು ಕತ್ತರಿಸುವುದೇ ಇಲ್ಲ.

ನನ್ನ ಗಂಡ ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತ ನಿಂತಿದ್ದ. ಆಮೇಲೆ ಹೇಳಿದ. "ಬಿಳೀದು ಬಿಚ್ಚೋಣ."

"ಅದನ್ನ ಮುಟ್ಟಬ್ಯಾಡ್ರಿ."

"ಎರಡೂ ಅದರಾಗs ಅದಾವ. ಫೆಲ್ಟ್ ಉದ್ದ ಐತಿ, ಕೊಯ್ದು ಕೂಡಸಬಹುದು. ಬ್ಯಾರೆ ದಾರಿ ನನಗಂತೂ ಕಾಣವಲ್ದು."

"ಮೋಟಾರ್ ಸಿಗತೈತಿ ಅಂತ ನೀವs ಅಂತಿದ್ರಿ."

"ಸಿಕ್ಕರ ಸಿಗಬಹುದು. ಹುಡುಗಿ ಅಲ್ಲಿ ತನಕ ಕಾಯಬೇಕಲ್ಲ."

ಅವನ ಮಾತು ಸರಿಯೆಂದು ಗೊತ್ತಿದ್ದರೂ ಜಗಳವಾಡಿದೆ. ಫೆಲ್ಟ್ ಅಂಟಿಸಿದ್ದು, ಒಮ್ಮೆ ಕಿತ್ತರೆ ಮತ್ತೆ ಅಲ್ಲಿಗೆ ಹೋಗುವುದಿಲ್ಲ. ಥರ್ಮೋಸ್ಟಾಟು ರಿವೆಟ್ಟು ಹೊಡೆದದ್ದು, ಕೊರೆದೇ ತೆಗೆಯಬೇಕು. ಇನ್ನು ಮುಂಭಾಗದ ತಗಡು ತೆಗೆದರೆ ಅಂಚಿನ ಪಿಂಗಾಣಿ ಬಣ್ಣ ಸಿಡಿಯದೆ ಇರುವುದಿಲ್ಲ. ಇಷ್ಟು ವರ್ಷ ಕಾಪಾಡಿದ್ದನ್ನು ನನ್ನ ಕೈಯಿಂದಲೇ ಕೊಲ್ಲು ಅಂದ ಹಾಗಾಯಿತು. ಇಬ್ಬರೂ ಉಣ್ಣದೆ ಎದ್ದೆವು.

ಮರುದಿನ ತಾಯಿ ತಾನೇ ಬಂದಳು. ಮಳೆ ಹಿಡಿದಿತ್ತು, ಸೆರಗು ತೊಯ್ದಿತ್ತು. ಬಿಚ್ಚಿ ಹಾಕಿದ ಡ್ರೈಯರನ್ನು ನೋಡಿದಳು, ಸುಟ್ಟ ಬೆಲ್ಟನ್ನು ನೋಡಿದಳು. ಬಿಳಿಯದರ ಮೇಲಿನ ದುಪ್ಪಟದ ಕೆಳಗೆ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ.

"ಹೋಗ್ಲಿ ಬಿಡ್ರಿ," ಎಂದಳು. "ನಿಮಗೂ ಭಾಳ ತ್ರಾಸ ಕೊಟ್ಟೆ. ಇಷ್ಟು ದಿನಾನಾರ ಆಕಿ ಸುಖದಿಂದ ಮಲಗ್ಯಾಳ." ಒಗೆಯದೆ ಉಳಿದಿದ್ದ ಗಂಟನ್ನು ಎತ್ತಿಕೊಂಡು ಮಳೆಯಲ್ಲೇ ಇಳಿದು ಹೊರಟಳು.

ಅವಳು ಬೇಡಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬೇಡಲಿಲ್ಲ. ಓಡಿಹೋಗಿ ರಸ್ತೆಯಲ್ಲಿ ಅವಳ ಕೈಯಿಂದ ಗಂಟು ಕಸಿದುಕೊಂಡೆ. "ನಾಳೆ ಸಂಜಿ ಬಸ್ಸಿಗೆ ಬರತೈತಿ" ಎಂದೆ.

ದುಪ್ಪಟ ತೆಗೆದು ಮಡಿಸಿಟ್ಟೆ. ಸ್ಕ್ರೂಡ್ರೈವರನ್ನು ಗಂಡನ ಕೈಗೆ ಕೊಡದೆ ನಾನೇ ಹಿಡಿದೆ. ಸ್ಕ್ರೂಗಳು ಅಷ್ಟು ವರ್ಷ ಅಲುಗಿರಲಿಲ್ಲ, ಸೀಮೆಎಣ್ಣೆ ಬಿಟ್ಟು ಕಾದು ತಿರುವಬೇಕಾಯಿತು. ಮುಂಭಾಗ ಎತ್ತುವಾಗ ಎಡಗಡೆಯ ಅಂಚಿನಲ್ಲಿ ಬಿಳಿಯ ಬಣ್ಣ ಚಕ್ಕೆಯಾಗಿ ಸಿಡಿದು ನನ್ನ ಕಾಲ ಬಳಿ ಬಿತ್ತು. ಒಳಗೆ ಫೆಲ್ಟ್ ಹೊಸದರಂತೆ ಇತ್ತು, ಕೆನೆಬಣ್ಣ, ಬಿಗಿ, ನುಣುಪು. ಬಟ್ಟೆಯ ಪಟ್ಟಿಯನ್ನು ಬಿಸಿನೀರಿನಲ್ಲಿ ಅದ್ದಿ ಅಂಟಿನ ಮೇಲೆ ಇಟ್ಟು, ಮೆತ್ತಗಾದಂತೆ ಚೂರು ಚೂರೇ ಬಿಡಿಸಿದೆ. ಎಳೆದರೆ ಹರಿಯುತ್ತಿತ್ತು. ರಿವೆಟ್ಟುಗಳನ್ನು ನನ್ನ ಗಂಡ ಕೊರೆದ. ಡ್ರಿಲ್ಲಿನ ಸದ್ದಿಗೆ ನಾನು ಮುಖ ತಿರುಗಿಸಿದೆ. ಹೊರಗೆ ಬಂದ ಥರ್ಮೋಸ್ಟಾಟನ್ನು ಎಣ್ಣೆಯ ಬೋಗುಣಿಯಲ್ಲಿಟ್ಟು ಕಾಯಿಸಿದೆವು. ಖಟ್ ಎಂದಿತು. ಆರಿಸಿದೆವು. ಮತ್ತೆ ಖಟ್ ಎಂದು ಕೂಡಿಕೊಂಡಿತು. ಸರಿಯಿತ್ತು.

ಬೆಲ್ಟನ್ನೂ ಬಿಳಿಯದರಿಂದಲೇ ತೆಗೆದೆವು. ಉದ್ದ ಹೆಚ್ಚಿತ್ತು, ಬಿಗಿ ಮಾಡುವ ಚಿಕ್ಕ ಗಾಲಿಯನ್ನು ಹಿಂದಕ್ಕೆ ಸರಿಸಿ ಹೊಸ ತೂತು ಕೊರೆದು ಕೂರಿಸಿದೆವು. ಎಲ್ಲ ಮುಗಿದ ಮೇಲೆ ಮಸ್ಲಿನ್ ಹಾಕಿ ಓಡಿಸಿದೆವು. ಬೆಳಕಿಗೆ ಹಿಡಿದು ನೋಡಿದರೆ ಒಂದು ಎಳೆಯೂ ಇರಲಿಲ್ಲ. ಬಿಳಿಯದು ಬಾಯಿ ತೆರೆದುಕೊಂಡು ಗೋಡೆಗೆ ಒರಗಿತ್ತು. ಅದರ ಕಡೆ ನೋಡದೆ ಗಂಟು ಕಟ್ಟಿ ಬಸ್ಸಿಗೆ ಕೊಟ್ಟುಬಂದೆ.

ಮರುದಿನದ ಫೋನು ತಾಯಿಯದಲ್ಲ, ಹುಡುಗಿಯದೇ. "ಮಿಷಿನ್ ಆಯಿ, ಇದು ಬೆಕ್ಕಲ್ಲ."

"ಮತ್ತ ಏನವಾ?"

"ಬೆಕ್ಕಿಗಿಂತ ಛಲೋ ಐತಿ. ಹೆಸರಿಡಾಕ ಗೊತ್ತಾಗವಲ್ದು. ಇಟ್ಟ ಮ್ಯಾಲ ಹೇಳ್ತೀನಿ."

ಆ ಮಳೆಗಾಲವೆಲ್ಲ ಯಂತ್ರ ಒಂದು ದಿನವೂ ಕೈಕೊಡಲಿಲ್ಲ. ಅವಳ ಬೆನ್ನಿನ ದೊಡ್ಡ ಗಾಯ ಒಣಗಿ ಗುಲಾಬಿ ಬಣ್ಣದ ಹೊಸ ಚರ್ಮ ಬಂತೆಂದು ಡಾಕ್ಟರೇ ಹೇಳಿದರು. ಅಪ್ಪ ಅವಳನ್ನು ಎತ್ತಿಕೊಂಡು ಹೋಗಿ ಶಾಲೆಯ ಕಿಟಕಿಯ ಹೊರಗೆ ಕೂರಿಸಿದ್ದನಂತೆ, ಅಲ್ಲಿಂದಲೇ ಮಗ್ಗಿ ಕೇಳಿಸಿಕೊಂಡು ಬಂದು ಮನೆಯಲ್ಲಿ ಒಪ್ಪಿಸಿದಳಂತೆ. ಬಟ್ಟೆಯ ಮೂರನೆಯ ಹೆಸರನ್ನೂ ಕಳಿಸಿದಳು. "ಬೆಣ್ಣಿ". ನನಗೆ ಎಲ್ಲವೂ ಗೆದ್ದ ಹಾಗೆ ಅನಿಸಿತ್ತು. ವಾಸಿಯಾಗುವ ರೋಗವಲ್ಲವೆಂದು ಮೊದಲ ದಿನವೇ ತಿಳಿದಿದ್ದರೂ, ಕೆಲಸ ಸರಿಯಾಗಿ ಸಾಗಿದಾಗ ಮನುಷ್ಯರಿಗೆ ಅದು ಮರೆತುಹೋಗುತ್ತದೆ.

ಚಳಿಗೆ ಗಂಟಲಿನೊಳಗಿನ ಗುಳ್ಳೆಗಳು ಹೆಚ್ಚಿದವು. ಗಂಜಿಯೂ ಇಳಿಯದಾಯಿತು. ಮೈ ಸೊರಗಿದ ಹಾಗೆ ಗಾಯಗಳು ಮತ್ತೆ ಬಾಯಿಬಿಟ್ಟವು, ಜ್ವರ ಬಂತು. ಕೊಪ್ಪಳದ ಆಸ್ಪತ್ರೆಗೆ ಸೇರಿಸಿದರು. ನಾನು ದಿನಾ ಒಣಗಿಸಿದ ಚಾದರು ತೆಗೆದುಕೊಂಡು ಹೋಗುತ್ತಿದ್ದೆ. ನರ್ಸುಗಳು ಆ ಹಾಸಿಗೆಗೆ ಆಸ್ಪತ್ರೆಯ ಬಟ್ಟೆ ಹಾಸುತ್ತಿರಲಿಲ್ಲ, ನನ್ನ ದಾರಿ ಕಾಯುತ್ತಿದ್ದರು.

ಒಂದು ದಿನ ಅವಳಿಗೆ ಸ್ವಲ್ಪ ಎಚ್ಚರವಿತ್ತು. "ಆಯಿ, ನನ್ನ ಅರಿವಿ ಹಾಕಿದಾಗ ಬ್ಯಾರೇದವ್ರ ಅರಿವಿ ಹಾಕ್ತೀಯೇನು?"

"ಇಲ್ಲ. ಆ ಮಿಷಿನ್ ನಿಂದs."

"ಹಾಕು. ಲಾಜಿನವ್ರಿಗೂ ಮೆತ್ತಗಾಗ್ಲಿ."

ಹೊರಗೆ ಡಾಕ್ಟರು ಸಿಕ್ಕರು. ಸೋಂಕು ರಕ್ತಕ್ಕೆ ಇಳಿದಿದೆ ಎಂದರು. "ನಾವು ಮಾಡೋದೆಲ್ಲ ಮಾಡಾಕತ್ತೀವಿ ಅವ್ವಾರ" ಎನ್ನುವಾಗ ಅವರ ಕಣ್ಣು ನನ್ನ ಕೈಯಲ್ಲಿದ್ದ ಚಾದರಿನ ಮೇಲಿತ್ತು.

ಮರುದಿನ ಮುಂಜಾನೆ ಲಾಜಿನ ಬಟ್ಟೆ ಎಣಿಸಿಕೊಳ್ಳುತ್ತಿದ್ದೆ. ಶೆಡ್ಡಿನ ಮುಂದೆ ಒಂದು ಆಂಬುಲೆನ್ಸ್ ಬಂದು ನಿಂತಿತು. ಸದ್ದು ಮಾಡದೆ ಬಂದಿತ್ತು. ಅದರಲ್ಲೇ ನನಗೆ ತಿಳಿಯಿತು. ಮುಂದಿನಿಂದ ಹುಡುಗಿಯ ಅಪ್ಪ ಇಳಿದ. ಅವನ ಹಿಂದೆ ಅವನ ಅಣ್ಣ, ಹುಡುಗಿಯ ದೊಡ್ಡಪ್ಪ. ಅಪ್ಪನ ಕೈಯಲ್ಲಿ ಕಾಗದ ಸುತ್ತಿದ ಒಂದು ಹೊಸ ಬಿಳಿ ಬಟ್ಟೆ. ಮಣ್ಣು ಮಾಡುವಾಗ ಹೊದಿಸುವುದಕ್ಕೆ ದಾರಿಯಲ್ಲಿ ಕೊಂಡಿದ್ದರು. ಅವನು ಅದನ್ನು ನನ್ನ ಕಡೆ ಚಾಚಿದ.

ದೊಡ್ಡಪ್ಪನೇ ಹೇಳಿದ. "ಇದನ್ನ ಒಗದು ಒಣಗಿಸಿ ಕೊಡಬೇಕಂತ್ರಿ. ಕೂಸಿನ ಅವ್ವ ಹಟ ಹಿಡದಾಳ. ನಮ್ಮಾಗ ಹಂಗಿಲ್ರಿ, ಮಣ್ಣಿಗೆ ಹಾಕೋ ಅರಿವಿ ಹೊಸಾದು ಇರಬೇಕು. ನೀವಾರ ತಿಳಿಸಿ ಹೇಳ್ರಿ."

ಹಿಂದಿನ ಬಾಗಿಲು ತೆರೆದಿತ್ತು. ತಾಯಿ ಒಳಗೆ ಕೂತಿದ್ದಳು, ಮಡಿಲಲ್ಲಿ ಮಗಳು. ಈಗಲೂ ಅಂಗೈ ಹಾಸಿಯೇ ಹಿಡಿದಿದ್ದಳು, ಬೆರಳು ಒತ್ತದ ಹಾಗೆ.

"ಗಂಜಿ ಹಾಕಿದ ಅರಿವಿ ಐತ್ರಿ" ಎಂದಳು ನನಗೆ. "ಚುಚ್ಚತೈತಿ."

"ಈಗ ಆಕಿಗೆ ಏನ ಚುಚ್ಚತೈತೆವಾ" ಎಂದ ದೊಡ್ಡಪ್ಪ. ಅವನು ಒರಟಾಗಿ ಹೇಳಲಿಲ್ಲ. ಅವನ ಕಣ್ಣಲ್ಲೂ ನೀರಿತ್ತು.

ಅವಳು ಅವನ ಕಡೆ ತಿರುಗಿದಳು. "ನನಗ ಚುಚ್ಚತೈತಿ" ಎಂದಳು.

ಅವನು ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ದೂರ ಹೋಗಿ ಕಟ್ಟೆಯ ಮೇಲೆ ಕೂತ.

ಬಟ್ಟೆಯನ್ನು ನೀರಿಗೆ ಹಾಕಿದರೆ ಗಂಜಿ ಬಿಟ್ಟು ನೀರು ಹಾಲಿನಂತಾಯಿತು. ಚೆಲ್ಲಿದೆ, ಮತ್ತೆ ಹಾಕಿದೆ. ನೀರು ತಿಳಿಯಾಗುವವರೆಗೆ ಬಿಡಲಿಲ್ಲ. ಅವಸರ ಮಾಡಬಾರದೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಷ್ಟು ಗಾಡಿಗಳು ರಸ್ತೆಯಲ್ಲಿ ಹಾದುಹೋದವೋ. ನನ್ನ ಗಂಡ ತನ್ನ ಅಂಗಡಿಯ ಬಾಗಿಲು ಎಳೆದು ಬಂದು ಆಂಬುಲೆನ್ಸಿನ ನೆರಳಿಗೆ ಅಪ್ಪನನ್ನು ಕೂರಿಸಿ ನೀರು ಕೊಟ್ಟ. ಡ್ರೈಯರಿಗೆ ಹಾಕುವ ಮೊದಲು ಡ್ರಮ್ಮು ಒರೆಸಿದೆ, ಜಾಲರಿ ತೊಳೆದೆ. ಕಡಿಮೆ ಬಿಸಿಗೆ ತಿರುವಿದೆ. ಒಂದೇ ಬಟ್ಟೆ, ಡ್ರಮ್ಮಿನಲ್ಲಿ ಹಗುರಾಗಿ ಏಳುತ್ತಿತ್ತು, ಬೀಳುತ್ತಿತ್ತು. ಇಷ್ಟೆಲ್ಲ ದಿನ ಆ ಯಂತ್ರದ ಸಪ್ಪಳದಲ್ಲಿ ಏನಾದರೂ ತಪ್ಪಿದೆಯೇ ಎಂದು ಕಿವಿಗೊಟ್ಟು ಕೂರುತ್ತಿದ್ದೆ. ಅಂದು ಅದು ಎಲ್ಲಾದರೂ ಕೆಟ್ಟು ನಿಲ್ಲಲಿ, ಇವರು ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರಲಿ ಅನಿಸಿತು. ಕೆಡಲಿಲ್ಲ. ಒಣಗಿದ ಮೇಲೆ ತಾನಾಗಿ ನಿಂತಿತು.

ಬಟ್ಟೆ ತೆಗೆದುಕೊಂಡು ಹೋಗಿ ತಾಯಿಯ ಕೈಗೆ ಕೊಟ್ಟೆ. ಅವಳು ಮುಟ್ಟಿ ನೋಡಿ ನನ್ನ ಮುಖ ನೋಡಿದಳು.

"ಬಿಸಿ ಐತ್ರಿ."

"ಹೂಂ. ಈಗ ತಗದೀನಿ."

"ಆರಲಿ ತಡೀರಿ. ಬಿಸಿ ಆಕಿಗೆ ಆಗಂಗಿಲ್ಲ."

ಡ್ರೈವರ್ ಕೀಲಿಯಿಂದ ಕೈ ತೆಗೆದ. ಕಡೆಗೆ ಅಪ್ಪ ನನ್ನ ಹತ್ತಿರ ಬಂದು, ಊರಲ್ಲಿ ಮಂದಿ ಕಾಯುತ್ತಿದ್ದಾರೆ, ನೀವೂ ಹತ್ತಿರಿ, ಹೋಗುತ್ತ ಹೋಗುತ್ತ ಆರುತ್ತದೆ ಎಂದ. ನಾನು ಹತ್ತಿ ಅವಳ ಎದುರು ಕೂತೆ. ಬಟ್ಟೆಯನ್ನು ಬಿಚ್ಚಿ, ಒಂದು ತುದಿ ಅವಳ ಮೊಣಕಾಲ ಮೇಲೆ, ಇನ್ನೊಂದು ತುದಿ ನನ್ನ ಮೊಣಕಾಲ ಮೇಲೆ ಹರವಿಕೊಂಡೆವು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಊರು ದಾಟಿತು, ಜೋಳದ ಹೊಲಗಳು ಬಂದವು. ಅವಳು ಆಗಾಗ ಬಟ್ಟೆಯ ಮೇಲೆ ಅಂಗೈಯಿಟ್ಟು ನೋಡುತ್ತಿದ್ದಳು, "ಇನ್ನೂ ಇಲ್ಲ" ಎನ್ನುವ ಹಾಗೆ ತಲೆಯಾಡಿಸುತ್ತಿದ್ದಳು.

ತಳಕಲ್ಲಿನ ಮೊದಲ ಮನೆಗಳು ಕಾಣುವಾಗ ಬಗ್ಗಿ ಬಟ್ಟೆಯನ್ನು ತನ್ನ ಗಲ್ಲಕ್ಕೆ ಹಚ್ಚಿಕೊಂಡಳು.

"ಆತ್ರಿ," ಎಂದಳು. "ಈಗ ಹೊಚ್ಚಬಹುದು."